ಸ್ಲ್ಯಾಷ್ ತಿರುಗಿಸಿದ ಮಾತ್ರಕ್ಕೆ ಪಾಥ್ ಸರಿಹೋಗಲ್ಲ

(1)
ಮೊದಲನೇ ಫೋಟೋ ನಮ್ಮ ಕ್ಲಾಸ್ ಗ್ರೂಪಿನ ಸ್ಕ್ರೀನ್‌ಶಾಟ್. ಹೆಸರು ಅಳಿಸಿದೀನಿ, ಬೈಕೋಬೇಡಿ. ಪ್ರಶ್ನೆ ಇದು: "ನನ್ನ ಲ್ಯಾಪ್‌ಟಾಪಲ್ಲಿ ಓಡುತ್ತೆ, ಲ್ಯಾಬ್ ಸರ್ವರಲ್ಲಿ ಫೈಲ್ ಸಿಗ್ತಿಲ್ಲ ಅಂತಿದೆ, ಏನ್ ಮಾಡ್ಲಿ?" ಹನ್ನೊಂದು ಜನ ಉತ್ತರ ಕೊಟ್ಟಿದಾರೆ. ಹನ್ನೊಂದೂ ಒಂದೇ. "ರಿಪ್ಲೇಸ್ ಹಾಕು ಮಗಾ."

ಅಂದ್ರೆ ಪಾಥ್‌ನಲ್ಲಿರೋ \ ಎಲ್ಲಾ ತೆಗೆದು / ಮಾಡು, ಎರರ್ ಹೋಗುತ್ತೆ, ಟೀ ಕುಡಿಯೋಕೆ ಬಾ.

ನಾನು ಇವತ್ತು ಜಗಳ ಆಡೋಕೆ ಬಂದಿರೋದು ಈ ಉತ್ತರದ ಮೇಲೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ ಇದು. ಮೂರು ವರ್ಷದಿಂದ ಸೀನಿಯರ್ ಜೂನಿಯರ್‌ಗೆ, ಜೂನಿಯರ್ ಅವನ ಜೂನಿಯರ್‌ಗೆ ಹೇಳ್ಕೊಂಡು ಬಂದಿದೀವಿ. ನಾನೂ ಹೇಳಿದೀನಿ, ತಪ್ಪಾಯ್ತು. ಆದ್ರೆ ಇದರಿಂದ ಒಬ್ಬ ಅಜ್ಜಿಯ ಜಮೀನಿನ ಕಾಗದ ಕಳ್ಕೊಂಡ ಮೇಲೆ ಸುಮ್ನಿರೋಕೆ ಆಗ್ತಿಲ್ಲ. ಆ ಕಥೆ ಮೂರನೇ ಕ್ಯಾಪ್ಷನ್‌ನಲ್ಲಿದೆ, ಹಾರಿಸಿ ಹೋಗೋರು ಹೋಗಿ.

(2)
ಮೊದಲು ಈ ಎರಡು ಗೆರೆ ಯಾಕಿವೆ ಅನ್ನೋದು. ಯುನಿಕ್ಸ್‌ನವರು ಫೋಲ್ಡರ್ ಬೇರೆ ಮಾಡೋಕೆ / ಇಟ್ಕೊಂಡ್ರು. 1981ರ ಮೊದಲ ಎಂಎಸ್-ಡಾಸ್‌ನಲ್ಲಿ ಫೋಲ್ಡರೇ ಇರ್ಲಿಲ್ಲ! ಅಲ್ಲಿ / ಅನ್ನೋದು ಕಮಾಂಡ್‌ನ ಆಪ್ಷನ್‌ಗೆ ಮೀಸಲು. 1983ರಲ್ಲಿ ಡಾಸ್ 2.0 ಬಂದಾಗ ಫೋಲ್ಡರ್ ಬಂತು, ಆದ್ರೆ / ಸೀಟು ಆಗ್ಲೇ ಭರ್ತಿ. ಹಂಗಾಗಿ \ ಕೂರಿಸಿದ್ರು. ಟವೆಲ್ ಹಾಕಿ ಸೀಟ್ ಹಿಡಿದ ಬಸ್ಸಿನ ಕಥೆ, ಅಷ್ಟೇ. ಅದರ ಸಾಲ ನಾವು ಇವತ್ತಿಗೂ ತೀರಿಸ್ತಿದೀವಿ.

ಆದ್ರೆ ಇದು ಬರೀ ಗೆರೆ ವಾಲಿರೋ ದಿಕ್ಕಿನ ವಿಷಯ ಅಂದ್ಕೊಂಡ್ರೆ ಅಲ್ಲೇ ಎಡವಿದ್ರಿ. ಲಿನಕ್ಸ್‌ನಲ್ಲಿ \ ಅನ್ನೋದು ಫೈಲ್ ಹೆಸರಿನಲ್ಲಿ ಇರಬಹುದಾದ ಮಾಮೂಲಿ ಅಕ್ಷರ. ಅಲ್ಲಿ ಕೂತು "ಡೇಟಾ\ಫೋಟೋ\ಒಂದು" ಅಂತ ಸೇವ್ ಮಾಡಿ ನೋಡಿ. ಫೋಲ್ಡರ್ ಒಳಗೆ ಹೋಗಲ್ಲ, ಎದುರಿಗೇ ಅಷ್ಟುದ್ದ ಹೆಸರಿನ ಒಂದೇ ಫೈಲ್ ಆಗಿ ಬಿದ್ದಿರುತ್ತೆ. ಎರರ್ ಕೂಡ ಬರಲ್ಲ. ಇನ್ನೊಂದು ಕಡೆ, ವಿಂಡೋಸ್ ಪ್ರೋಗ್ರಾಮ್‌ಗಳಿಗೆ ನೀವು / ಕೊಟ್ರೂ ಬಹುತೇಕ ಸಲ ಸುಮ್ನೆ ತಗೊಳ್ಳುತ್ತೆ. ಅಂದ್ರೆ ನೀವು ಹಾಕಿರೋ ರಿಪ್ಲೇಸ್‌ಗಳಲ್ಲಿ ಎಷ್ಟೋ ಬೇಕಾಗೇ ಇರ್ಲಿಲ್ಲ.

ಇನ್ನು ರಿಪ್ಲೇಸ್ ತಾನಾದ್ರೂ ನೆಟ್ಟಗೆ ಕೆಲಸ ಮಾಡುತ್ತಾ? ಜಾವಾಸ್ಕ್ರಿಪ್ಟ್‌ನಲ್ಲಿ ಬರೀ ರಿಪ್ಲೇಸ್‌ಗೆ ಸ್ಟ್ರಿಂಗ್ ಕೊಟ್ರೆ ಮೊದಲನೇ ಸ್ಲ್ಯಾಷ್ ಮಾತ್ರ ಬದಲಾಗುತ್ತೆ, ಉಳಿದವು ಹಂಗೇ. ಪೈಥಾನ್‌ನಲ್ಲಿ ರಿಪ್ಲೇಸ್ ಹೊಸ ಸ್ಟ್ರಿಂಗ್ ಕೊಡುತ್ತೆ, ಹಳೇದನ್ನ ಮುಟ್ಟಲ್ಲ. ಉತ್ತರ ಹಿಡ್ಕೊಳ್ಳದೇ "ಹಾಕಿದೀನಿ ಆದ್ರೂ ಬರ್ತಿಲ್ಲ" ಅಂತ ಅತ್ತವರು ನಮ್ಮ ಬೆಂಚಲ್ಲೇ ಇಬ್ಬರು. ಜಾವಾದ ರಿಪ್ಲೇಸ್‌ಆಲ್ ಇನ್ನೂ ಖತರ್ನಾಕ್. ಅದು ರೆಜೆಕ್ಸ್ ತಗೊಳ್ಳುತ್ತೆ. / ಜಾಗಕ್ಕೆ ಆಯಾ ಸಿಸ್ಟಮ್‌ನ ಸೆಪರೇಟರ್ ಹಾಕು ಅಂತ ಬಹಳ ಜಾಣತನದಲ್ಲಿ ಬರೆದ್ರೆ, ಲಿನಕ್ಸ್‌ನಲ್ಲಿ ಸರಿಯಾಗಿ ಓಡಿ ವಿಂಡೋಸ್‌ನಲ್ಲಿ ಸಿಡಿಯುತ್ತೆ. ಯಾಕಂದ್ರೆ ಬದಲಿಗೆ ಕೊಟ್ಟ \ ಅನ್ನೂ ಅದು ಎಸ್ಕೇಪ್ ಚಿಹ್ನೆ ಅಂತಲೇ ಓದುತ್ತೆ. ಎರಡೂ ಕಡೆ ಓಡ್ಲಿ ಅಂತ ಬರೆದ ಸಾಲೇ ಒಂದು ಕಡೆ ಸಾಯೋದು!

ಮತ್ತೆ ಪೈಥಾನ್‌ನಲ್ಲಿ \ ಪಕ್ಕ ಸಣ್ಣ ಎನ್ ಬಂದ್ರೆ ಹೊಸ ಸಾಲು, ಸಣ್ಣ ಟಿ ಬಂದ್ರೆ ಟ್ಯಾಬ್. ವಿಂಡೋಸ್‌ನ ಯೂಸರ್ಸ್ ಫೋಲ್ಡರ್‌ನ ಪಾಥ್ ಹಂಗೇ ಕೋಟ್ಸ್ ಒಳಗೆ ಅಂಟಿಸಿದ್ರೆ, \ ಪಕ್ಕದ ದೊಡ್ಡ ಯು ನೋಡಿ ಪ್ರೋಗ್ರಾಮ್ ಶುರುವಾಗೋ ಮುಂಚೇನೇ ನಿಲ್ಲುತ್ತೆ. ನಿಮ್ಮ ರಿಪ್ಲೇಸ್ ಸಾಲು ಬರೋ ಹೊತ್ತಿಗೆ ಪಾಥ್ ಕೆಟ್ಟು ಮುಗಿದಿರುತ್ತೆ.

(3)
ಫೋಟೋ: ನಮ್ಮ ಟೀಮಿನ ಫೋಲ್ಡರ್. ಎಣಿಸಿ. 35 ಚಿತ್ರ ಇವೆ. ಇರಬೇಕಾಗಿದ್ದು 38.

ನಮ್ಮ ಪ್ರಾಜೆಕ್ಟ್ ಏನಂದ್ರೆ, ಊರಲ್ಲಿ ಮನೆಮನೆಯ ಟ್ರಂಕಲ್ಲಿರೋ ಕೈಬರಹದ ಹಳೇ ಪಹಣಿಗಳ ಫೋಟೋ ತೆಗೆದು, ಸರ್ವೆ ನಂಬರ್ ಹೊಡೆದ್ರೆ ಸಿಗೋ ಹಾಗೆ ಮಾಡೋದು. ಎರಡು ಭಾನುವಾರ ಸುತ್ತಿದ್ವಿ. ಒಬ್ಬ ಅಜ್ಜಿ ಮೊದಲು ಕೊಡಲ್ಲ ಅಂದ್ರು. "ಕಾಗದ ಕೈ ಬಿಟ್ರೆ ಹೊಲ ಕೈ ಬಿಟ್ಟಂಗೆ ಕಣಪ್ಪ" ಅಂದ್ರು. ನಮ್ಮಮ್ಮನ ಹೆಸರು ಹೇಳಿದ್ಮೇಲೆ ಸೆರಗಲ್ಲಿ ಒರೆಸಿ ಬಿಚ್ಚಿಟ್ರು.

ಫೈಲ್ ಹೆಸರು ಸರ್ವೆ ನಂಬರೇ ಇರ್ಲಿ ಅಂದ್ಕೊಂಡ್ವಿ. ಇಲ್ಲೇ ಗ್ರಹಚಾರ. ನಮ್ಮಲ್ಲಿ ಜಮೀನು ಭಾಗ ಆದ್ರೆ ನಂಬರ್ 12/1, 12/2 ಅಂತ ಹಿಸ್ಸಾ ಬೀಳುತ್ತೆ. ಪ್ರೋಗ್ರಾಮ್‌ಗೆ ಅದು ಏನು ಕಾಣುತ್ತೆ? 12 ಅನ್ನೋ ಫೋಲ್ಡರ್, ಅದರೊಳಗೆ 1 ಅನ್ನೋ ಫೈಲ್. ಅಂಥ ಫೋಲ್ಡರ್ ಇಲ್ಲ, ಎರರ್ ಬಂತು. ನಾನು ಏನ್ ಮಾಡಿದೆ? ಗ್ರೂಪಿನ ವೇದವಾಕ್ಯ ಪಾಲಿಸಿದೆ. / ಸಿಕ್ಕಲ್ಲೆಲ್ಲಾ ಖಾಲಿ ಮಾಡು ಅಂತ ಒಂದು ರಿಪ್ಲೇಸ್. ಎರರ್ ಮಾಯ. ಟೀಗೆ ಹೋದೆ.

12/1 ಆಯ್ತು 121. 1/21 ಕೂಡ ಆಯ್ತು 121. ಭಾಗ ಆಗದ 121 ಬೇರೆ ಇತ್ತು, ಅದೂ 121. ಮೂರು ಮನೆಯ ಪಹಣಿ ಒಂದರ ಮೇಲೊಂದು ಬರೆದು ಕೊನೇದು ಮಾತ್ರ ಉಳೀತು. 11/4 ಮತ್ತು 1/14ಕ್ಕೂ ಇದೇ ಗತಿ. ಫೋನಿಂದ ನೇರ ಆಪ್‌ಗೆ ಹೋಗ್ತಿತ್ತು, ಫೋನಲ್ಲಿ ಪ್ರತಿ ಉಳಿದಿರ್ಲಿಲ್ಲ. ಯಾವ ಎರರೂ ಬರ್ಲಿಲ್ಲ, ಕೆಂಪಕ್ಷರ ಒಂದೂ ಇಲ್ಲ.

ಡೆಮೋ ದಿನ ಹೊರಗಿಂದ ಬಂದ ಮೇಡಂ ಮುಂದೆ ನಾನು ಧೈರ್ಯವಾಗಿ ಅಜ್ಜಿಯ 12/1 ಹೊಡೆದೆ. ಬಂದಿದ್ದು ಬೇರೆಯವ್ರ ಪಹಣಿ. ಮೇಡಂ ಕನ್ನಡಕ ಸರಿ ಮಾಡ್ಕೊಂಡು ಓದಿ, "ಇಲ್ಲಿ ನಂಬರ್ 121 ಅಂತಿದೆಯಲ್ಲಪ್ಪ, ಇದು ಯಾರ ಜಮೀನು?" ಅಂದ್ರು. ಮಾರ್ಕ್ಸ್ ಹೋಗಿದ್ದು ಬಿಡಿ. ಹುಡುಕೋವಾಗ್ಲೂ ಅದೇ ರಿಪ್ಲೇಸ್ ಓಡ್ತಿತ್ತು, ಹಂಗಾಗಿ ಪ್ರೋಗ್ರಾಮ್ ಬಹಳ ವಿಶ್ವಾಸದಿಂದ ತಪ್ಪು ಮನೆಯ ಕಾಗದ ತೋರಿಸ್ತಿತ್ತು. ಊರಲ್ಲಿ ಬಳಕೆಗೆ ಬಿಟ್ಟಿದ್ರೆ ಏನಾಗ್ತಿತ್ತು ಅಂತ ನೀವೇ ಯೋಚ್ನೆ ಮಾಡಿ. ಜಮೀನಿನ ವಿಷಯಕ್ಕೆ ಅಣ್ಣತಮ್ಮಂದ್ರೇ ಮಾತು ಬಿಡೋ ಊರುಗಳು ನಮ್ಮವು.

(ಟೀಮ್‌ಮೇಟ್ ಒಬ್ಬ ಇನ್ನೂ ಜಾಣ. ಈಗಿನ 'ಭೂಮಿ'ಯಲ್ಲಿ ಸರ್ವೆ ನಂಬರ್ ಮತ್ತು ಹಿಸ್ಸಾ ಮಧ್ಯೆ ಸರ್‌ನೋಕ್ ಅಂತ ಬರುತ್ತಲ್ಲ, ಸಾಮಾನ್ಯವಾಗಿ ಅಲ್ಲಿ * ಇರುತ್ತೆ, ಅದನ್ನೂ ಹೆಸರಿಗೆ ಸೇರಿಸಿದ್ದ. ಅವನ ಲಿನಕ್ಸ್ ಒಪ್ಕೊಳ್ತು. ನನ್ನ ವಿಂಡೋಸ್ ಆ ಫೈಲ್ ಬಿಚ್ಚೋಕೇ ಒಪ್ಲಿಲ್ಲ, ಅಲ್ಲಿ ಹೆಸರಲ್ಲಿ * ನಿಷೇಧ.)

(4)
"ಖಾಲಿ ಮಾಡೋ ಬದಲು ಅಂಡರ್‌ಸ್ಕೋರ್ ಹಾಕಿದ್ರೆ ಸರಿಹೋಗ್ತಿತ್ತಲ್ಲ?" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಹೌದು, ಈ 38ಕ್ಕೆ ಸರಿಹೋಗ್ತಿತ್ತು. ಸರ್ವೆ ನಂಬರಲ್ಲಿ ಅಂಡರ್‌ಸ್ಕೋರ್ ಇರಲ್ಲ ಅನ್ನೋ ಅದೃಷ್ಟದಿಂದ. ನಾನು ಕೇಳ್ತಿರೋ ಪ್ರಶ್ನೆ ಬೇರೆ. ಯಾವ ಸ್ಲ್ಯಾಷ್ ಫೋಲ್ಡರಿನ ಗಡಿ, ಯಾವ ಸ್ಲ್ಯಾಷ್ ಹೆಸರಿನ ಒಳಗಿಂದು? ರಿಪ್ಲೇಸ್‌ಗೆ ಅದು ಗೊತ್ತಿಲ್ಲ. ಗೊತ್ತಾಗೋಕೆ ಸಾಧ್ಯಾನೂ ಇಲ್ಲ, ಅದಕ್ಕೆ ಕಾಣೋದು ಅಕ್ಷರ ಮಾತ್ರ. ಗೊತ್ತಿರೋದು ನಿಮಗೆ, ತುಂಡುಗಳು ಬೇರೆಬೇರೆ ಇದ್ದಾಗ. ಅವನ್ನ ಅಂಟಿಸಿ ಒಂದು ಸ್ಟ್ರಿಂಗ್ ಮಾಡಿದ ಕ್ಷಣ ಆ ತಿಳಿವಳಿಕೆ ಎಸೆದುಬಿಟ್ರಿ. ಆಮೇಲೆ ರಿಪ್ಲೇಸ್ ಹಿಡ್ಕೊಂಡು ಕಸದ ಬುಟ್ಟಿಯಲ್ಲಿ ಹುಡುಕ್ತೀರಿ.

ಇದರ ಕೆಟ್ಟ ರೂಪ ವೆಬ್ ಪ್ರಾಜೆಕ್ಟ್‌ಗಳಲ್ಲಿದೆ. ಬಳಕೆದಾರ ಕೊಟ್ಟ ಫೈಲ್ ಹೆಸರಲ್ಲಿ ../ ಇದ್ರೆ ಅವನು ಮೇಲಿನ ಫೋಲ್ಡರಿಗೆ ಹತ್ತಿ ಬೇರೆ ಫೈಲ್ ಓದಬಹುದು. ನಮ್ಮವರ ಮದ್ದು? ಮತ್ತೆ ರಿಪ್ಲೇಸ್, ../ ತೆಗೆದು ಖಾಲಿ ಮಾಡು. ಅವನು ....// ಅಂತ ಕಳಿಸ್ತಾನೆ. ಪೇಪರ್ ಮೇಲೆ ಬರೆದು ನಡುವಿನ ../ ಹೊಡೆದು ಹಾಕಿ. ಉಳಿದಿದ್ದು ../ ತಾನೇ? ಕಳ್ಳನಿಗೆ ನೀವೇ ಬಾಗಿಲು ಜೋಡಿಸಿ ಕೊಟ್ರಿ.

ದೊಡ್ಡವರೂ ಇಲ್ಲಿ ಜಾರಿದಾರೆ. 2021ರ ಅಕ್ಟೋಬರ್‌ನಲ್ಲಿ ಅಪಾಚೆ ವೆಬ್ ಸರ್ವರ್ 2.4.49ರಲ್ಲಿ ಇಂಥದ್ದೇ ತೂತು ಸಿಕ್ತು. ಚುಕ್ಕಿಯನ್ನ ಎನ್‌ಕೋಡ್ ಮಾಡಿ ಕಳಿಸಿದ್ರೆ ತಪಾಸಣೆ ದಾಟಬಹುದಿತ್ತು. 2.4.50ರಲ್ಲಿ ಮುಚ್ಚಿದ್ರು, ಅದೂ ಸಾಲದೆ ಕೆಲವೇ ದಿನದಲ್ಲಿ 2.4.51 ಬಿಟ್ರು. ಅಷ್ಟು ಅನುಭವ ಇರೋರಿಗೇ ಎರಡು ಸಲ ಬೇಕಾಯ್ತು. ನಮ್ಮದು ಒಂದು ಸಾಲಿನ ರಿಪ್ಲೇಸ್.

(5)
ಹಂಗಾದ್ರೆ ಮಾಡೋದೇನು ಅಂತ ಕೇಳಿದೋರಿಗೆ: ಪೈಥಾನ್‌ನಲ್ಲಿ ಪಾಥ್‌ಲಿಬ್ 2014ರಿಂದ, ಅಂದ್ರೆ 3.4ರಿಂದ ಜೊತೆಗೇ ಬರ್ತಿದೆ. ಇನ್‌ಸ್ಟಾಲ್ ಕೂಡ ಬೇಡ. ತುಂಡುಗಳನ್ನ ಕೊಡಿ, ಜೋಡಿಸೋದು ಅದರ ಕೆಲಸ. ಜಾವಾದಲ್ಲಿ ಪಾಥ್, ನೋಡ್‌ನಲ್ಲಿ ಪಾಥ್ ಜಾಯಿನ್. ಹೊರಗಿಂದ ಬಂದ ಹೆಸರಾದ್ರೆ ಮೊದಲು ಪೂರ್ತಿ ವಿಳಾಸ ಬಿಡಿಸಿ, ಆಮೇಲೆ ಅದು ನಿಮ್ಮ ಫೋಲ್ಡರ್ ಒಳಗೇ ಇದೆಯಾ ನೋಡಿ, ಇಲ್ಲ ಅಂದ್ರೆ ತಿರಸ್ಕರಿಸಿ. ತೊಳೆದು ಬಳಸೋಕೆ ಹೋಗ್ಬೇಡಿ. ಇನ್ನು ಸರ್ವೆ ನಂಬರ್ ಥರದ ಮಾಹಿತಿಯನ್ನ ಫೈಲ್ ಹೆಸರೇ ಮಾಡ್ಬೇಡಿ. ಫೈಲ್‌ಗೆ ನಿಮ್ಮದೇ ಕ್ರಮಸಂಖ್ಯೆ ಕೊಡಿ, 12/1 ಅನ್ನೋದು ಟೇಬಲ್‌ನಲ್ಲಿ ಇದ್ದ ಹಾಗೇ ಕೂತಿರ್ಲಿ.

ಲೈಬ್ರರಿ ಹಾಕಿದ್ರೆ ಎಲ್ಲಾ ಕ್ಷೇಮ ಅಂತಾನೂ ಹೇಳ್ತಿಲ್ಲ. ಪೈಥಾನ್‌ನ ಜಾಯಿನ್‌ಗೆ ಎರಡನೇ ತುಂಡು / ಇಂದ ಶುರುವಾಗೋದು ಕೊಟ್ರೆ ಮೊದಲನೇದನ್ನ ಬಿಸಾಕಿ ಅದನ್ನೇ ಹಿಡ್ಕೊಳ್ಳುತ್ತೆ. ವಿಂಡೋಸ್‌ನಲ್ಲಿ ಕೂತು ಅದೇ ಜಾಯಿನ್‌ನಿಂದ ವೆಬ್ ವಿಳಾಸ ಕಟ್ಟಿದ್ರೆ \ ತುರುಕುತ್ತೆ, ವೆಬ್ ವಿಳಾಸಕ್ಕೆ ಯಾವಾಗ್ಲೂ / ಬೇಕು. ಓದಿ ಬಳಸಿ.

ರಿಪ್ಲೇಸ್ ಎಲ್ಲಿ ಸರಿ? ಕಥೆಯಲ್ಲಿ ರಾಮನ್ನ ಸೋಮ ಮಾಡೋಕೆ. ಅಥವಾ ವಿಂಡೋಸ್‌ನಿಂದಲೇ ಬಂದ ಪಾಥ್ ಅಂತ ಖಾತ್ರಿ ಇದ್ದು, ಲಾಗ್‌ನಲ್ಲಿ ಕಣ್ಣಿಗೆ ಚೆಂದ ಕಾಣ್ಲಿ ಅಂತ. ಅಷ್ಟಕ್ಕೆ ನನ್ನ ತಕರಾರಿಲ್ಲ.

"ಡೆಡ್‌ಲೈನ್ ಇದ್ದಾಗ ಇದೆಲ್ಲಾ ಯಾರು ನೋಡ್ತಾರೆ ಗುರು" ಅನ್ನೋರಿಗೆ: ನನ್ನ ರಿಪ್ಲೇಸ್‌ಗೆ ಹಿಡಿದದ್ದು ಹತ್ತು ಸೆಕೆಂಡ್. ಕಳೆದ ಪಹಣಿ ವಾಪಸ್ ತರೋಕೆ ಇದುವರೆಗೆ ಮೂರು ಸಲ ಬಸ್ ಹತ್ತಿದೀನಿ. ಅಜ್ಜಿಗೆ ನಡೆದಿದ್ದು ಹೇಳಿದೆ. ಕಂಪ್ಯೂಟರ್ ತಪ್ಪು ಅಂತ ಹೇಳೋಕೆ ಬಾಯಿ ಬರ್ಲಿಲ್ಲ. "ಮತ್ತೆ ತಗೋ, ಆದ್ರೆ ಈ ಸಲ ಬರ್ಕೊಂಡು ಹೋಗು" ಅಂತ ಒಂದು ನೋಟ್‌ಬುಕ್ ಕೊಟ್ರು, ಮೊಮ್ಮಗಳ ಹಳೇ ಲೆಕ್ಕದ ಪುಸ್ತಕ. ಕೊನೇ ಫೋಟೋ ಅದರದ್ದೇ. 12/1 ಸಿಕ್ತು, 11/4 ಸಿಕ್ತು. 1/21 ಮನೆಯವ್ರು ಬೀಗ ಹಾಕ್ಕೊಂಡು ಬೆಂಗಳೂರಿಗೆ ಹೋಗಿದಾರೆ, ಹಬ್ಬಕ್ಕೆ ಬರ್ತಾರಂತೆ. ಆಗ ಮತ್ತೆ ಹೋಗ್ಬೇಕು.

#ಕನ್ನಡದಲ್ಲಿ_ಕೋಡ್ #ರಿಪ್ಲೇಸ್_ಬೇಡ_ಮಗಾ