ಮನೆಮದ್ದಿಗೂ ಒಂದು ಮಿತಿ

ಅಜ್ಜಿಯ ಮದ್ದಿನ ಡಬ್ಬಿಯಿಲ್ಲದ ಮನೆಯು ನಮ್ಮ ನಾಡಿನಲ್ಲಿ ವಿರಳ. ಅಜೀರ್ಣಕ್ಕೆ ಓಮ, ಹೊಟ್ಟೆಯುಬ್ಬರಕ್ಕೆ ಶುಂಠಿ, ಮಲಬದ್ಧತೆಗೆ ಅಳಲೆಕಾಯಿ ಇಲ್ಲವೆ ಸೋನಾಮುಖಿ ಎಂಬ ಕ್ರಮವು ತಲೆತಲಾಂತರದಿಂದ ಬಂದುದಾಗಿದೆ. ಇದನ್ನು ಹಳಿಯುವದು ನಮ್ಮ ಉದ್ದೇಶವಲ್ಲ. ಆದರೆ ಎರಡು ದಿನದ ಉಪದ್ರವಕ್ಕೆಂದು ತೆಗೆದುಕೊಂಡ ಮದ್ದನ್ನು ಹತ್ತು ವರುಷ ನಿತ್ಯವೂ ಸೇವಿಸಬಹುದೇ? ಯಾರನ್ನೂ ಕೇಳದೆ ಹಾಗೆ ಮಾಡಕೂಡದೆಂಬುದೇ ನಮ್ಮ ಅಭಿಪ್ರಾಯ.

“ಗಿಡಮೂಲಿಕೆಯಷ್ಟೆ, ಅದರಿಂದ ಕೆಡುಕೇನು?” ಎಂದು ಹಲವರು ಕೇಳುವರು. ಗುಣಮಾಡುವ ಶಕ್ತಿಯುಳ್ಳ ವಸ್ತುವಿಗೆ ಕೆಡಿಸುವ ಶಕ್ತಿಯೂ ಉಂಟೆಂಬುದನ್ನು ಅವರು ಮರೆಯುತ್ತಾರೆ. ಸೋನಾಮುಖಿಯು ಕರುಳನ್ನು ಕೆರಳಿಸಿ ಭೇದಿಯನ್ನುಂಟುಮಾಡುವದು. ವೈದ್ಯರ ಸಲಹೆಯಿಲ್ಲದೆ ಒಂದೆರಡು ವಾರಗಳನ್ನು ಮೀರಿ ಅದನ್ನು ಸೇವಿಸಬಾರದೆಂಬುದು ಇಂದಿನ ವೈದ್ಯಶಾಸ್ತ್ರದ ಮತ. ಅತಿಯಾದ ಬಳಕೆಯಿಂದ ಶರೀರದಲ್ಲಿ ನೀರೂ ಪೊಟ್ಯಾಸಿಯಂ ಲವಣವೂ ಕುಂದುವವು. ಹೊಟ್ಟೆಯುರಿಗೆಂದು ಕೊಡುವ ಜ್ಯೇಷ್ಠಮಧುವನ್ನು ಬಹುಕಾಲ ಸೇವಿಸಿದರೆ ಅದೇ ಲವಣವು ತಗ್ಗಿ, ರಕ್ತದ ಒತ್ತಡವು ಏರಬಹುದು. ಲೋಳೆಸರದ ಎಲೆಯ ಹಳದಿ ರಸದಿಂದಾದ ಭೇದಿಯ ಔಷಧವನ್ನು ವೈದ್ಯರ ಚೀಟಿಯಿಲ್ಲದೆ ಮಾರುವದನ್ನು ಅಮೇರಿಕದ ಸರಕಾರವು 2002ರಲ್ಲಿ ನಿಲ್ಲಿಸಿತು. ಅದು ನಿರಪಾಯವೆಂಬುದಕ್ಕೆ ತಕ್ಕ ಪ್ರಮಾಣವು ದೊರೆತಿರಲಿಲ್ಲ.

ಅಂಗಡಿಯ ಚೂರ್ಣ ಗುಳಿಗೆಗಳ ವಿಷಯದಲ್ಲಿ ಇನ್ನೊಂದು ಭಯವುಂಟು. ಬಾಸ್ಟನ್ ನಗರದ ಅಂಗಡಿಗಳಲ್ಲಿ ಮಾರುತ್ತಿದ್ದ, ದಕ್ಷಿಣ ಏಷ್ಯದಲ್ಲಿ ತಯಾರಾದ 70 ಆಯುರ್ವೇದ ಔಷಧಗಳನ್ನು ಪರೀಕ್ಷಿಸಿದವರು 2004ರಲ್ಲಿ ಪ್ರಕಟಿಸಿದ ವರದಿಯಂತೆ, 14ರಲ್ಲಿ ಸೀಸ, ಪಾದರಸ, ಪಾಷಾಣಗಳಲ್ಲಿ ಒಂದಲ್ಲ ಒಂದು ಇದ್ದಿತು. ಸೀಸವಾದರೋ ತಾನೇ ಹೊಟ್ಟೆನೋವನ್ನೂ ಮಲಬದ್ಧತೆಯನ್ನೂ ಉಂಟುಮಾಡತಕ್ಕ ವಿಷ. ರೋಗಿಯು ನೋವು ಹೆಚ್ಚಿತೆಂದು ಮದ್ದನ್ನೂ ಹೆಚ್ಚಿಸಿದರೆ ಗತಿಯೇನು?

ಇದೆಲ್ಲಕ್ಕಿಂತಲೂ ದೊಡ್ಡ ಅಪಾಯವೆಂದರೆ, ಮದ್ದು ರೋಗವನ್ನು ಮರೆಮಾಡುವದು. ಥೈರಾಯ್ಡ್ ಗ್ರಂಥಿಯ ಕೊರತೆ, ಹೊಟ್ಟೆಯ ಹುಣ್ಣು, ಕರುಳಿನ ಅರ್ಬುದ ಇವೆಲ್ಲವೂ ಮೊದಮೊದಲು ಸಾಮಾನ್ಯ ಹೊಟ್ಟೆಯ ತೊಂದರೆಯಂತೆಯೇ ತೋರಬಹುದು. ಮಲದಲ್ಲಿ ರಕ್ತ, ಕಪ್ಪು ಮಲ, ಕಾರಣವಿಲ್ಲದೆ ಮೈ ಇಳಿಯುವದು, ರಕ್ತಹೀನತೆ, ನುಂಗಲು ಕಷ್ಟ ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು. ನಮ್ಮ ಸ್ತ್ರೀಯರಾದರೋ ಮನೆಯವರೆಲ್ಲರ ಹೊಟ್ಟೆಯನ್ನು ವಿಚಾರಿಸುವರು. ತಮ್ಮ ಕಷ್ಟವನ್ನು ಮಾತ್ರ ಸಂಕೋಚದಿಂದ ಮುಚ್ಚಿಟ್ಟು, ರಾತ್ರಿ ಒಂದು ಚಮಚ ಚೂರ್ಣ ನುಂಗಿ ಮಲಗುವರು. ಓದುಬರಹ ಬಲ್ಲ ನಮ್ಮ ಹಳೆಯ ವಿದ್ಯಾರ್ಥಿನಿಯರಾದರೂ ಈ ಸಂಕೋಚವನ್ನು ಬಿಡಬೇಡವೇ?

ಸೊಪ್ಪು, ಹಣ್ಣು, ರಾಗಿ, ಸಾಕಷ್ಟು ನೀರು ಇವುಗಳಿಗೆ ಅವಧಿಯ ಕಟ್ಟು ಬೇಕಿಲ್ಲ. ಇಸಬಗೋಲನ್ನೂ ಬೇಕಾದಷ್ಟು ನೀರಿನೊಡನೆ ತೆಗೆದುಕೊಂಡರೆ ಬಹುಮಂದಿಗೆ ಹಾನಿಯಿಲ್ಲ. ಉಳಿದ ಮದ್ದುಗಳನ್ನು ಗರ್ಭಿಣಿಯರೂ, ರಕ್ತದ ಒತ್ತಡಕ್ಕೋ ಹೃದಯಕ್ಕೋ ಬೇರೆ ಔಷಧ ಸೇವಿಸುವವರೂ ಕೇಳದೆ ಮುಟ್ಟಬಾರದು. ಮುಂದಿನ ಸಾರಿ ವೈದ್ಯರ ಬಳಿಗೆ ಹೋಗುವಾಗ ಆ ಡಬ್ಬಿಯನ್ನೂ ಕೊಂಡುಹೋಗಿ, ಯಾವದನ್ನು ಎಷ್ಟು ಕಾಲದಿಂದ ಸೇವಿಸುತ್ತಿರುವಿರೆಂದು ಮುಚ್ಚುಮರೆಯಿಲ್ಲದೆ ಹೇಳಿರೆಂದು ನಾವು ಪ್ರತಿಯೊಬ್ಬ ತಾಯಿಯನ್ನೂ ಬೇಡಿಕೊಳ್ಳುತ್ತೇವೆ.