ಸಿಪ್ಪೆಯ ಕವರಿಗೆ ಗಂಟು ಹಾಕುವ ಮುನ್ನ

ಬೆಳಿಗ್ಗೆ ತಿಂಡಿ, ಡಬ್ಬಿ, ಮಧ್ಯಾಹ್ನದ ಸಾರು ಎಲ್ಲ ಮುಗಿಯೋ ಹೊತ್ತಿಗೆ ಸಿಂಕಿನ ಪಕ್ಕ ಒಂದು ಗುಡ್ಡೆ ಬಿದ್ದಿರುತ್ತೆ, ಅಲ್ವಾ? ಕೊತ್ತಂಬರಿ ಕಡ್ಡಿ, ಬಾಳೆಹಣ್ಣಿನ ಸಿಪ್ಪೆ, ಸೋಸಿದ ಟೀಪುಡಿ. (ಹೀರೇಕಾಯಿ ಸಿಪ್ಪೆ ಇರಲ್ಲ ಬಿಡಿ, ಅದು ಚಟ್ನಿಗೆ ಹೋಗಿರುತ್ತೆ!) ಇದನ್ನೆಲ್ಲ ಪ್ಲಾಸ್ಟಿಕ್ ಕವರಿಗೆ ತುಂಬಿ, ಬಿಗಿಯಾಗಿ ಗಂಟು ಹಾಕಿ ಆಚೆ ಇಟ್ಟರೆ ಮನೆ ಚೊಕ್ಕಟವಾಯ್ತು ಅಂತ ಸಮಾಧಾನ. ನನ್ನ ತಕರಾರು ಇರೋದು ಆ ಗಂಟಿನ ಬಗ್ಗೆ.

ಮಲೆನಾಡಿನ ಕಾಡಿನಲ್ಲಿ ಕಸ ಗುಡಿಸುವವರು ಯಾರೂ ಇಲ್ಲ. ಆದರೂ ಅಲ್ಲಿ ಕಸದ ಬೆಟ್ಟ ಬೆಳೆಯುವುದಿಲ್ಲ. ಉದುರಿದ ಎಲೆಯನ್ನು ಗೆದ್ದಲು, ಎರೆಹುಳುಗಳು ಚೂರು ಮಾಡುತ್ತವೆ. ಶಿಲೀಂಧ್ರ, ಬ್ಯಾಕ್ಟೀರಿಯಾಗಳು ಕೊಳೆಸುತ್ತವೆ. ಎಲೆಯಲ್ಲಿದ್ದ ಸಾರಜನಕ, ರಂಜಕ, ಪೊಟ್ಯಾಸಿಯಂ ಮಣ್ಣಿಗಿಳಿದು ಮತ್ತೆ ಬೇರಿಗೆ ಸಿಗುತ್ತವೆ. ಇಂಗಾಲದ ಬಹುಪಾಲು ಗಾಳಿಗೆ ಮರಳಿ ಇನ್ನೊಂದು ಎಲೆಯೊಳಗೆ ಸೇರುತ್ತೆ. ಉತ್ತರ ಕನ್ನಡದ ಅಡಿಕೆ ಬೆಳೆಗಾರರು ಬೆಟ್ಟದ ಸೊಪ್ಪು, ದರಕು ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರವಾದ ಮೇಲೆ ತೋಟಕ್ಕೆ ಕೊಡೋದೂ ಇದೇ ಲೆಕ್ಕದ ಮೇಲೆ. ನಮ್ಮಜ್ಜಿಯ ಹಿತ್ತಲಲ್ಲೂ ತಿಪ್ಪೆಗುಂಡಿ ಇತ್ತು. ಕಸ ಎಲ್ಲಿ ಹಾಕಲಿ ಅನ್ನೋ ಪ್ರಶ್ನೆಯೇ ಅವರಿಗೆ ಬರಲಿಲ್ಲ.

ಗಂಟು ಹಾಕಿದ ಕವರಿನೊಳಗೆ ಗಾಳಿ ಆಡಲ್ಲ. ಅದು ಕಸದ ರಾಶಿಯಡಿ ಹೂತುಹೋದರೆ, ಗಾಳಿ ಬೇಡದ ಸೂಕ್ಷ್ಮಜೀವಿಗಳು ಸೇರಿಕೊಂಡು ಮೀಥೇನ್ ಹುಟ್ಟಿಸುತ್ತವೆ. ನೂರು ವರ್ಷದ ಲೆಕ್ಕ ಹಿಡಿದರೆ, ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು ಜೋರು. ಕೊಳೆತ ರಸ ಇಳಿದು ಅಂತರ್ಜಲ ಕೆಡಿಸುತ್ತೆ. ಬೆಂಗಳೂರಿನ ಕಸ ಹೊತ್ತಿದ್ದ ಮಂಡೂರಿನ ಜನ 2014ರಲ್ಲಿ ಇನ್ನು ಸಾಕು ಎಂದು ಬೀದಿಗಿಳಿದದ್ದು ಸುಮ್ಮನೆ ಅಲ್ಲ. ಅಲ್ಲಿಯೂ ಅಡುಗೆಮನೆಗಳಿವೆ, ಮಕ್ಕಳಿಗೆ ತುತ್ತು ತಿನ್ನಿಸುವ ತಾಯಂದಿರಿದ್ದಾರೆ.

ಇನ್ನೊಂದು ತಮಾಷೆ ನೋಡಿ. ಹೊಲಕ್ಕೆ ಬೇಕಾದ ಪೊಟ್ಯಾಷ್ ಗೊಬ್ಬರಕ್ಕೆ ನಮ್ಮ ದೇಶ ಹೊರದೇಶಗಳನ್ನೇ ನೆಚ್ಚಿಕೊಂಡಿದೆ. ನಾವೋ, ಪೊಟ್ಯಾಸಿಯಂ ತುಂಬಿದ ಬಾಳೆಸಿಪ್ಪೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಹೂಳುತ್ತೇವೆ!

"ಫ್ಲಾಟಿನಲ್ಲಿ ತಿಪ್ಪೆ ಎಲ್ಲಿ ಮಾಡೋಣ?" ಅಂತೀರಾ. ಬಾಲ್ಕನಿಯ ಮೂಲೆ ಸಾಕು. ತಳಕ್ಕೂ ಪಕ್ಕಕ್ಕೂ ತೂತು ಮಾಡಿದ ಹಳೇ ಬಕೆಟ್ಟು, ಅದಕ್ಕೊಂದು ಮುಚ್ಚಳ. ಒಂದು ಹಿಡಿ ಸಿಪ್ಪೆಗೆ ಎರಡು ಹಿಡಿ ಒಣ ಎಲೆ. ನನ್ನ ಮೊದಲ ಬಕೆಟ್ಟು ಕೆಟ್ಟಿದ್ದು ಈ ಎಲೆ ಹಾಕದೇ. ಒದ್ದೆ ಸಿಪ್ಪೆ, ಉಳಿದ ಅನ್ನ ಅಷ್ಟನ್ನೇ ಸುರಿದಿದ್ದೆ. ನಾತ, ಹುಳ! ನಮ್ಮತ್ತೆ ಮೂರು ದಿನ ಬಾಲ್ಕನಿ ಕಡೆ ತಲೆ ಹಾಕಲಿಲ್ಲ. ಹಸಿ ಕಸದಲ್ಲಿ ನೀರು, ಸಾರಜನಕ ಹೆಚ್ಚು. ಒಣ ಎಲೆ ಇಂಗಾಲ ಕೊಡುತ್ತೆ, ಗಾಳಿಗೂ ಸಂದು ಬಿಡುತ್ತೆ. ಎಲೆಗೇನು, ನಿಮ್ಮ ಬೀದಿಯ ಹೊಂಗೆ ಮರದಡಿ ಬೇಕಾದಷ್ಟಿದೆ. ಗುಡಿಸಿ ಬೆಂಕಿ ಹಚ್ಚುವ ಮೊದಲು ಒಂದು ಚೀಲ ತುಂಬಿಕೊಳ್ಳಿ.

ಶುರುವಿಗೆ ಒಂದು ಹಿಡಿ ತೋಟದ ಮಣ್ಣು ಹಾಕಿ. ಎಣ್ಣೆ ಪದಾರ್ಥ, ಮೀನು, ಮಾಂಸ ಬೇಡ. ವಾರಕ್ಕೆರಡು ಸಲ ಕೆದಕಿ. ಎರಡು ಮೂರು ತಿಂಗಳಿಗೆ ಕಪ್ಪು ಗೊಬ್ಬರ ಸಿಗುತ್ತೆ. ಇದಕ್ಕೂ ಪುರುಸೊತ್ತಿಲ್ಲ ಅನ್ನುವವರು ಹಸಿ ಕಸವನ್ನು ಕವರಿಲ್ಲದೆ, ಬೇರೆ ಡಬ್ಬದಲ್ಲಿ ಗಾಡಿಯವರಿಗೆ ಕೊಡಿ. ಅಷ್ಟಾದರೂ ಮಾಡಬಹುದಲ್ಲ?

ಅಂದ ಹಾಗೆ, ನಮ್ಮತ್ತೆ ಈಗ ತುಳಸಿಕಟ್ಟೆಗೆ ಆ ಗೊಬ್ಬರ ಕೇಳಿ ತಗೋತಾರೆ.