ಹೆಣವೂ ಕಾಯುತ್ತಿದೆ, ಹಸಿವೂ ಕಾಯುತ್ತಿದೆ

ಮಾನ್ವಿಯಿಂದ ಸೋದರತ್ತೆ ರಾಯಚೂರಿನ ನಮ್ಮ ಮನೆಗೆ ಬಂದಿದ್ದರು. ವಯಸ್ಸು ಎಂಬತ್ತರ ಹತ್ತಿರ. ಏಕಾದಶಿ ತಪ್ಪಿಸಿದವರಲ್ಲ, ಸಿನಿಮಾ ನೋಡಿದವರೂ ಅಲ್ಲ. ರಾತ್ರಿ ಊಟವಾದ ಮೇಲೆ ನಾನು ಟಿವಿಯಲ್ಲಿ ‘ಸಂಸ್ಕಾರ’ ಹಾಕಿದೆ. ಕಪ್ಪು-ಬಿಳುಪಿನ ಚಿತ್ರ, ಹಾಡಿಲ್ಲ, ಕುಣಿತವಿಲ್ಲ. ಹತ್ತು ನಿಮಿಷಕ್ಕೆ ಎದ್ದು ಹೋಗುತ್ತಾರೆ ಅಂದುಕೊಂಡಿದ್ದೆ. ಎದ್ದು ಹೋಗಲಿಲ್ಲ. ನಾರಣಪ್ಪ ಸತ್ತ ಸುದ್ದಿ ಅಗ್ರಹಾರದ ಮನೆಮನೆಗೆ ಮುಟ್ಟುತ್ತಿದ್ದಂತೆ, “ಇನ್ನ ಹೆಣ ಎತ್ತೋತನಾ ಯಾರೂ ಉಣ್ಣಂಗಿಲ್ಲ. ಮುಗೀತು ಇವ್ರ ಕತಿ,” ಅಂದರು.

ಈ ಚಿತ್ರದ ಬಗ್ಗೆ ಐವತ್ತು ವರ್ಷಗಳಿಂದ ಬರೆದವರೆಲ್ಲ ಅಸ್ತಿತ್ವವಾದ, ನವ್ಯ, ಪ್ರಜ್ಞೆಯ ಬಿಕ್ಕಟ್ಟು ಎಂಬ ದೊಡ್ಡ ಬಾಗಿಲುಗಳಿಂದ ಒಳಗೆ ಹೋಗಿದ್ದಾರೆ. ಅತ್ತೆ ಅಡುಗೆಮನೆಯ ಬಾಗಿಲಿನಿಂದ ಹೋದರು. ಅವರು ಹಿಡಿದ ದಾರಿಯೇ ಸರಿ ಎಂದು ನನಗೆ ಆಮೇಲಾಮೇಲೆ ಅನ್ನಿಸತೊಡಗಿತು.

ಕಥೆ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಮಲೆನಾಡಿನ ದೂರ್ವಾಸಪುರವೆಂಬ ಮಾಧ್ವ ಅಗ್ರಹಾರ. ಅಲ್ಲಿ ನಾರಣಪ್ಪನೆಂಬವನು ಕಟ್ಟಿಕೊಂಡ ಹೆಂಡತಿಯನ್ನು ಬಿಟ್ಟು ಚಂದ್ರಿಯೆಂಬವಳೊಡನೆ ಇದ್ದ. ಕುಡಿದ, ಮಾಂಸ ತಿಂದ, ಸಾಲಿಗ್ರಾಮವನ್ನು ಹೊಳೆಗೆ ಎಸೆದ. ಶಿವಮೊಗ್ಗೆಗೆ ಹೋಗಿ ಬಂದವನು ಜ್ವರ ಬಂದು ಸತ್ತ. ಮಕ್ಕಳಿಲ್ಲ. ಬದುಕಿದ್ದಾಗ ಅವನನ್ನು ಜಾತಿಯಿಂದ ಹೊರಗೆ ಹಾಕಿರಲಿಲ್ಲ, ಆದ್ದರಿಂದ ಅವನು ಬ್ರಾಹ್ಮಣನಾಗಿಯೇ ಸತ್ತಂತಾಯಿತು. ಬೇರೆಯವರು ಹೆಣ ಮುಟ್ಟುವಂತಿಲ್ಲ. ಮುಟ್ಟಿದ ಬ್ರಾಹ್ಮಣನ ಮಡಿ ಉಳಿಯುತ್ತದೆಯೋ ಇಲ್ಲವೋ ಹೇಳುವವರಿಲ್ಲ. ಎಲ್ಲರೂ ಪ್ರಾಣೇಶಾಚಾರ್ಯರ ಮುಖ ನೋಡುತ್ತಾರೆ. ಕಾಶಿಯಲ್ಲಿ ಓದಿ ಬಂದವರು, ಕಾಯಿಲೆಯ ಹೆಂಡತಿಯ ಸೇವೆಯನ್ನೇ ತಪಸ್ಸು ಮಾಡಿಕೊಂಡವರು. ಅವರು ತಾಳೆಗರಿ ಬಿಚ್ಚುತ್ತಾರೆ. ಉತ್ತರವಿಲ್ಲ. ಮಾರುತಿಯ ಗುಡಿಗೆ ಹೋಗಿ ಪ್ರಸಾದ ಕೇಳುತ್ತಾರೆ, ಬಲಕ್ಕೆ ಹೂವು ಬಿದ್ದರೆ ಸರಿ ಅಂತ. ಹೂವು ಬೀಳುವುದಿಲ್ಲ. ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ. ಅಷ್ಟು ಹೊತ್ತಿಗೆ ಹೆಣ ನಾರತೊಡಗಿದೆ, ಊರಿಗೆ ಊರೇ ಉಪವಾಸ ಕೂತಿದೆ.

ಯು. ಆರ್. ಅನಂತಮೂರ್ತಿ ಈ ಕಾದಂಬರಿಯನ್ನು ಬರೆದದ್ದು 1965ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ. ಬರೆಯುವುದಕ್ಕೆ ನೆಪವಾದದ್ದು ಒಂದು ಸಿನಿಮಾ. ಸ್ವೀಡನ್ನಿನ ಇಂಗ್ಮಾರ್ ಬರ್ಗ್‌ಮನ್ 1957ರಲ್ಲಿ ತೆರೆಗೆ ತಂದ ‘ದಿ ಸೆವೆಂತ್ ಸೀಲ್’, ಎಂದರೆ ಏಳನೆಯ ಮುದ್ರೆ, ಅಲ್ಲಿ ಪ್ರದರ್ಶನಕ್ಕೆ ಬಂದಿತ್ತು. ಅನಂತಮೂರ್ತಿಯವರು ತಮ್ಮ ಗುರು, ಕಾದಂಬರಿಕಾರ ಮಾಲ್ಕಂ ಬ್ರಾಡ್‌ಬರಿಯವರ ಜೊತೆ ಹೋಗಿ ಅದನ್ನು ನೋಡಿದರು. ತೆರೆಯ ಕೆಳಗೆ ಇಂಗ್ಲಿಷ್ ಅನುವಾದವೂ ಇರಲಿಲ್ಲ. ಯುರೋಪಿನವನಿಗೆ ಮಧ್ಯಯುಗ ಪುಸ್ತಕದಿಂದ ಕಟ್ಟಿಕೊಳ್ಳಬೇಕಾದದ್ದು, ನಿನಗಾದರೆ ಅದು ಈಗಲೂ ಬದುಕಿನ ಭಾಗ ಎಂಬರ್ಥದ ಮಾತನ್ನು ಬ್ರಾಡ್‌ಬರಿ ಆಡಿದರಂತೆ. ಆ ಮಾತು ಶಿಷ್ಯನ ಒಳಗೆ ಹೋಗಿ ಕೂತಿತು. ಅನಂತಮೂರ್ತಿ ಇದನ್ನು ಆಮೇಲೆ ಹಲವು ಸಲ ಹೇಳಿಕೊಂಡಿದ್ದಾರೆ.

ಬರ್ಗ್‌ಮನ್ ಚಿತ್ರದಲ್ಲಿ ಆಂಟೋನಿಯಸ್ ಬ್ಲಾಕ್ ಎಂಬ ಯೋಧ ಧರ್ಮಯುದ್ಧ ಮುಗಿಸಿ ಊರಿಗೆ ಮರಳುತ್ತಿದ್ದಾನೆ. ನಾಡಿನ ತುಂಬ ಪ್ಲೇಗು. ಕಡಲದಂಡೆಯಲ್ಲಿ ಕಪ್ಪು ನಿಲುವಂಗಿಯ ಸಾವು ಅವನೆದುರು ಬಂದು ನಿಲ್ಲುತ್ತದೆ. ಚದುರಂಗ ಆಡೋಣ, ಆಟ ಮುಗಿಯುವವರೆಗೆ ನನ್ನನ್ನು ಬಿಡು ಎನ್ನುತ್ತಾನೆ ಯೋಧ. ಅವನಿಗೆ ಬೇಕಾದದ್ದು ಬರೀ ನಾಲ್ಕು ದಿನದ ಉಸಿರಲ್ಲ. ದೇವರಿದ್ದಾನೆಯೇ ಎಂದು ಖಚಿತವಾಗಿ ತಿಳಿಯಬೇಕು; ನಂಬಿಕೆ ಸಾಲದು, ತಿಳಿವೇ ಬೇಕು. ಪಾದ್ರಿಯ ಮುಂದೆ ತಪ್ಪೊಪ್ಪಿಗೆ ಮಾಡುತ್ತೇನೆಂದುಕೊಂಡು ತನ್ನ ಆಟದ ಗುಟ್ಟನ್ನೂ ಹೇಳಿಬಿಡುತ್ತಾನೆ. ಜಾಲರಿಯ ಆಚೆ ಕೂತು ಕೇಳಿಸಿಕೊಂಡದ್ದು ಸಾವೇ. ಚಿತ್ರದ ಹೆಸರು ಬೈಬಲಿನ ಕೊನೆಯ ಪುಸ್ತಕದಿಂದ ಬಂದದ್ದು. ಏಳನೆಯ ಮುದ್ರೆ ಒಡೆದಾಗ ಸ್ವರ್ಗದಲ್ಲಿ ಸುಮಾರು ಅರ್ಧ ಗಂಟೆ ಮೌನ ಕವಿಯಿತು ಎಂಬ ಮಾತು ಅಲ್ಲಿದೆ. ಬರ್ಗ್‌ಮನ್ ಪಾದ್ರಿಯ ಮಗ. ಆ ಮೌನ ಅವರಿಗೆ ಮನೆಯೊಳಗಿನದೇ.

ಎರಡು ಚಿತ್ರಗಳಲ್ಲೂ ಮೌನವಿದೆ, ಒಂದೇ ಬಗೆಯದಲ್ಲ. ಯೋಧ ಕೇಳುವುದು ದೇವರ ಇರವನ್ನು. ಪ್ರಾಣೇಶಾಚಾರ್ಯರು ಅದನ್ನು ಒಂದು ಸಲವೂ ಕೇಳುವುದಿಲ್ಲ. ಮಾರುತಿ ಅಲ್ಲಿದ್ದಾನೆ, ಸಂಶಯವೇ ಇಲ್ಲ. ಅವರು ಕೇಳುವುದು ಈಗ ಏನು ಮಾಡಲಿ ಎಂದು. ನಮ್ಮ ಕಡೆ ಸಂಶಯ ಹುಟ್ಟುವುದು ಹೆಚ್ಚಾಗಿ ಹೀಗೇ: ದೇವರ ಮೇಲೆ ಅಲ್ಲ, ವಿಧಿಯ ಮೇಲೆ, ಪುಸ್ತಕದ ಮೇಲೆ, ಪುಸ್ತಕ ಓದಿದ ತನ್ನ ಮೇಲೆ. ಈ ವ್ಯತ್ಯಾಸ ಹಿಡಿಯದೆ ಹೋದರೆ ‘ಸಂಸ್ಕಾರ’ ಬರ್ಗ್‌ಮನ್ನನ ಕನ್ನಡ ನಕಲಿನಂತೆ ಕಾಣುತ್ತದೆ. ಅದು ನಕಲಲ್ಲ.

ನಾರಣಪ್ಪನನ್ನು ಕೊಂದ ಜ್ವರವೂ ಪ್ಲೇಗೇ. ಅದರ ಬಗ್ಗೆ ಒಂದು ಮಾತು. ಈಗಿನವರಿಗೆ ಅದು ಬರೀ ಹೆಸರು. ರೋಗಾಣು ಇರುವುದು ಇಲಿಯ ಮೈಮೇಲಿನ ಚಿಗಟದಲ್ಲಿ. ಇಲಿ ಸತ್ತರೆ ಚಿಗಟಕ್ಕೆ ಬೇರೆ ಮೈ ಬೇಕು, ಮನುಷ್ಯನಿಗೆ ಹತ್ತುತ್ತದೆ. ಆದ್ದರಿಂದಲೇ ಪ್ಲೇಗಿನ ಊರಲ್ಲಿ ಮೊದಲು ಇಲಿ ಬೀಳುತ್ತವೆ, ಆಮೇಲೆ ಜನ. ಅಗ್ರಹಾರದವರಿಗೆ ಇದು ತಿಳಿಯದು. ಇಲಿಗಳು ಅಂಗಳದಲ್ಲಿ ಬಿದ್ದು ಒದ್ದಾಡುತ್ತವೆ, ರಣಹದ್ದುಗಳು ಮಾಡಿನ ಮೇಲೆ ಬಂದು ಕೂರುತ್ತವೆ. ಬ್ರಾಹ್ಮಣರು ಜಾಗಟೆ ಬಾರಿಸಿ ಅವನ್ನು ಓಡಿಸುತ್ತಾರೆ. ಪೂಜೆಯ ಜಾಗಟೆ, ನೆನಪಿಡಿ. ನೋಡುವ ನಮಗೆ ಗೊತ್ತಿದೆ, ಅವರಿಗೆ ಗೊತ್ತಿಲ್ಲ. ಅವರು ಪಾಪವನ್ನು ಹುಡುಕುತ್ತಿದ್ದಾರೆ, ಚಿಗಟ ತನ್ನ ಕೆಲಸ ನಡೆಸಿದೆ. ಹಾಗಂತ ‘ಮೂಢರು’ ಎಂದು ನಗಲೂ ಆಗುವುದಿಲ್ಲ. ಕೊರೊನಾದ ಬೇಸಿಗೆಯಲ್ಲಿ ನಾವೂ ತಟ್ಟೆ ಬಾರಿಸಿದವರೇ, ಹೆಣ ಮುಟ್ಟಲು ಹೆದರಿದವರೇ.

1970ರಲ್ಲಿ ಬಂದ ಚಿತ್ರದ ಹಿಂದೆ ಇದ್ದ ತಂಡ ವಿಚಿತ್ರವಾದದ್ದು. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ನೆಲ್ಲೂರಿನ ಕಡೆಯ ತೆಲುಗು ಕವಿ. ಕ್ಯಾಮೆರಾ ಹಿಡಿದ ಟಾಮ್ ಕೊವನ್ ಆಸ್ಟ್ರೇಲಿಯಾದವರು. ಚಿತ್ರಕಥೆ ಬರೆದು ಆಚಾರ್ಯರ ಪಾತ್ರ ಮಾಡಿದವರು ಗಿರೀಶ ಕಾರ್ನಾಡ, ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ನಿರ್ದೇಶಕರ ಹೆಂಡತಿ ಸ್ನೇಹಲತಾ ರೆಡ್ಡಿ. ಶೂಟಿಂಗ್ ಶೃಂಗೇರಿಯ ಹತ್ತಿರದ ವೈಕುಂಠಪುರದಲ್ಲಿ. ಮದ್ರಾಸಿನ ಸೆನ್ಸಾರ್ ಮೊದಲು ಅನುಮತಿ ಕೊಡಲಿಲ್ಲ. ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಆಮೇಲೆ ಆ ತಡೆ ತೆಗೆಯಿತು. ಅದೇ ಚಿತ್ರಕ್ಕೆ ಆ ಸಾಲಿನ ರಾಷ್ಟ್ರಪತಿ ಸ್ವರ್ಣಕಮಲ ಬಂತು, ಕನ್ನಡಕ್ಕೆ ಮೊದಲನೆಯದು.

ಸಂಗೀತ ರಾಜೀವ ತಾರಾನಾಥರದು. ರಾಯಚೂರಿನವರಾದ ನಾವು ಇಲ್ಲಿ ಸ್ವಲ್ಪ ನಿಲ್ಲಬೇಕು. ಹಮ್‌ದರ್ದ್ ಶಾಲೆಯ ಮುಂದೆ ದಿನಾ ಓಡಾಡುವವರಲ್ಲಿ ಎಷ್ಟು ಜನರಿಗೆ ಗೊತ್ತೋ, ಅದನ್ನು ಕಟ್ಟಿದ ಪಂಡಿತ ತಾರಾನಾಥರ ಮಗ ಈ ರಾಜೀವ. ತಾರಾನಾಥರು ವೈದ್ಯರು, ಸಂಗೀತ ಬಲ್ಲವರು. ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನ ಎಂಬ ಆಶ್ರಮ ಮಾಡಿಕೊಂಡು ಜಾತಿ-ಮತದ ಗೋಡೆಗಳನ್ನು ಲೆಕ್ಕಿಸದೆ ಬದುಕಿದವರು. ನಿಜಾಮರ ಆಡಳಿತದ ಊರಲ್ಲಿ ಹಿಂದೂ-ಮುಸ್ಲಿಮರ ಮಕ್ಕಳು ಕೂಡಿ ಕಲಿಯಲೆಂದು ಶಾಲೆಗೆ ‘ಸಮದುಃಖಿ’ ಎಂಬರ್ಥದ ಉರ್ದು ಹೆಸರಿಟ್ಟವರು. ಮಗ ಇಂಗ್ಲಿಷ್ ಸಾಹಿತ್ಯ ಓದಿ, ಕಲಿಸಿ, ಅಲಿ ಅಕ್ಬರ್ ಖಾನರ ಬಳಿ ಸರೋದ್ ಕಲಿತು, 2024ರ ಜೂನ್ 11ರಂದು ಮೈಸೂರಿನಲ್ಲಿ ತೀರಿಕೊಂಡರು. ಆ ಮನೆಯಲ್ಲಿ ಹುಟ್ಟಿದವರೊಬ್ಬರು ದೂರ್ವಾಸಪುರದ ಮಡಿಗೆ ನಾದ ಕೂಡಿಸಿದರು ಎಂಬುದು ನನಗೆ ಬರೀ ಕಾಕತಾಳೀಯವಾಗಿ ಕಾಣುವುದಿಲ್ಲ.

ಅತ್ತೆಗೆ ಇದೆಲ್ಲ ಬೇಕಾಗಿರಲಿಲ್ಲ. ಮಾರುತಿ ಪ್ರಸಾದ ಕೊಡದೆ ಆಚಾರ್ಯರು ಕಾಡಿನ ದಾರಿ ಹಿಡಿದಾಗ ಅವರು ಅಂದದ್ದು: “ಇವ್ರದೂ ಶ್ರೀನಿವಾಸಾಚಾರ್ರ ಕತೀನ ಆತು ನೋಡು.”

ಮಾನ್ವಿ, ದೇವದುರ್ಗದ ಕಡೆಯವರಿಗೆ ಈ ಶ್ರೀನಿವಾಸಾಚಾರ್ಯರು ಯಾರೆಂದು ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಮಾನ್ವಿ ತಾಲ್ಲೂಕಿನ ಬ್ಯಾಗವಾಟದವರು, ಸಂಸ್ಕೃತದಲ್ಲಿ ಘನ ಪಂಡಿತರು. ಅದೇ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು ಕನ್ನಡದಲ್ಲಿ ಹಾಡುತ್ತ ಊರೂರು ತಿರುಗುತ್ತಿದ್ದರು. ದಾಸರು ಊಟಕ್ಕೆ ಕರೆದಾಗ ಪಂಡಿತರು ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರಂತೆ. ನೆಪ ನಿಜವಾಯಿತು. ಉಂಡದ್ದು ದಕ್ಕದ ಉದರಶೂಲೆ, ಜೀವಕ್ಕೇ ಬಂತು. ಓದಿದ್ದು ಯಾವುದೂ ಕೆಲಸಕ್ಕೆ ಬರಲಿಲ್ಲ. ಮಂತ್ರಾಲಯಕ್ಕೆ ಹೋದರು, ಅಲ್ಲಿಂದ ವಿಜಯದಾಸರ ಬಳಿಗೇ ಹೋಗೆಂದು ಅಪ್ಪಣೆಯಾಯಿತು. ವಿಜಯದಾಸರು ತಮ್ಮ ಶಿಷ್ಯ ಗೋಪಾಲದಾಸರ ಬಳಿಗೆ ಕಳಿಸಿದರು. ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು, ಆಗ ಉತ್ತನೂರಲ್ಲಿದ್ದರು. ಅವರು ಜೋಳದ ರೊಟ್ಟಿಯೊಂದನ್ನು ಮಂತ್ರಿಸಿ ಕೊಟ್ಟು, ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷವನ್ನು ಧಾರೆ ಎರೆದರು. ಗಂಜಿ ದಕ್ಕದ ಹೊಟ್ಟೆಯಲ್ಲಿ ರೊಟ್ಟಿ ದಕ್ಕಿತು. ಪಂಡಿತರು ಜಗನ್ನಾಥದಾಸರಾಗಿ, ಕನ್ನಡದಲ್ಲಿ ‘ಹರಿಕಥಾಮೃತಸಾರ’ ಬರೆದರು.

ಇದು ಐತಿಹ್ಯ, ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ವರ್ಷಗಳನ್ನು ನೋಡಿ. ಗೋಪಾಲದಾಸರು 1762ರಲ್ಲಿ, ನಲವತ್ತರ ಆಸುಪಾಸಿನಲ್ಲೇ ತೀರಿಕೊಂಡರು. 1728ರಲ್ಲಿ ಹುಟ್ಟಿದ ಜಗನ್ನಾಥದಾಸರು 1809ರವರೆಗೆ, ಎಂಬತ್ತು ದಾಟಿ ಬಾಳಿದರು. ಒಬ್ಬ ಗುರು ನಡುವಯಸ್ಸಿಗೇ ಹೋಗುವುದು, ಸಾಯಬೇಕಾಗಿದ್ದ ಶಿಷ್ಯ ಮುಪ್ಪಿನವರೆಗೆ ಉಳಿಯುವುದು: ಹಿಂದೆ ಉಳಿದವರಿಗೆ ಇದನ್ನು ಹೇಗಾದರೂ ಅರ್ಥ ಮಾಡಿಕೊಳ್ಳಬೇಕಾಗಿತ್ತು. ಆಯುರ್ದಾನದ ಕಥೆ ಹುಟ್ಟಿದ್ದು ಅಲ್ಲಿಂದಲೂ ಇರಬಹುದು ಎಂದು ನನ್ನ ಊಹೆ. ಅತ್ತೆಯ ಮುಂದೆ ಇದನ್ನು ಹೇಳಲು ಹೋಗಲಿಲ್ಲ.

ಅವರ ಹೋಲಿಕೆಯಲ್ಲಿ ಹುರುಳಿತ್ತು. ಯೋಧ ಸಾವಿನ ಕೈಯಿಂದ ಕಾಲವನ್ನು ಆಟವಾಡಿ ಕಿತ್ತುಕೊಳ್ಳಲು ನೋಡುತ್ತಾನೆ. ಜಗನ್ನಾಥದಾಸರಿಗೆ ಅದನ್ನು ಇನ್ನೊಬ್ಬ ಮನುಷ್ಯ ಕೊಡುತ್ತಾನೆ, ತನ್ನದನ್ನು ಕಳೆದುಕೊಂಡು. ಇನ್ನು ತಿನ್ನುವ ವಿಷಯ. ಬರ್ಗ್‌ಮನ್ನನ ಯೋಧ ಇಡೀ ಚಿತ್ರದಲ್ಲಿ ನೆಮ್ಮದಿಯಾಗಿ ಉಸಿರು ಬಿಡುವುದು ಒಂದೇ ಕಡೆ: ಊರೂರು ಅಲೆಯುವ ಆಟದವರ ದಂಪತಿ ಗುಡ್ಡದ ಮೇಲೆ ಕೂರಿಸಿ ಹಾಲು, ಕಾಡಿನ ಸ್ಟ್ರಾಬೆರಿ ಕೊಟ್ಟಾಗ. ಇದನ್ನು ನೆನಪಿಟ್ಟುಕೊಳ್ಳುತ್ತೇನೆ, ಇಷ್ಟು ಸಾಕು ಎಂಬಂತೆ ಹಾಲಿನ ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾನೆ. ಕೊನೆಯಲ್ಲಿ ಆ ಸಂಸಾರ ತಪ್ಪಿಸಿಕೊಳ್ಳಲೆಂದೇ ಚದುರಂಗದ ಕಾಯಿಗಳನ್ನು ಬೇಕೆಂತಲೇ ಬೀಳಿಸುತ್ತಾನೆ. ‘ಸಂಸ್ಕಾರ’ ಕಾದಂಬರಿಯಲ್ಲಿ ಹಸಿದು ಬಳಲಿದ ಆಚಾರ್ಯರಿಗೆ ಕತ್ತಲಲ್ಲಿ ಚಂದ್ರಿ ಮಡಿಲಿನ ಬಾಳೆಹಣ್ಣು ಸುಲಿದು ತಿನ್ನಿಸುತ್ತಾಳೆ. ಹೆಣವಿರುವಾಗ ಉಣ್ಣಬಾರದೆಂಬ ನಿಯಮ ಮುರಿಯುವುದು ಅಲ್ಲೇ. ಅದೇ ಕತ್ತಲಲ್ಲಿ ಅವರಿಬ್ಬರ ನಡುವೆ ನಡೆದ ದೇಹಸಂಗಕ್ಕಿಂತ ಆ ಹಣ್ಣೇ ಆಚಾರ್ಯರ ಬದುಕನ್ನು ಎರಡು ತುಂಡು ಮಾಡಿತು ಎನ್ನುವವನು ನಾನು. ಹಾಲು, ಬಾಳೆಹಣ್ಣು, ಜೋಳದ ರೊಟ್ಟಿ. ಮೂರನ್ನೂ ಕೊಟ್ಟವರು ಶಾಸ್ತ್ರಪಂಡಿತರಲ್ಲ.

ಹೋಲಿಕೆ ಒಂದು ಕಡೆ ಮುರಿಯುತ್ತದೆ, ಮುರಿಯುವ ಕಡೆಯೇ ಚಿತ್ರ ನಮ್ಮ ಕಾಲದ್ದಾಗುತ್ತದೆ. ಶ್ರೀನಿವಾಸಾಚಾರ್ಯರ ನಡಿಗೆಗೆ ವಿಳಾಸಗಳಿದ್ದವು: ಮಾನ್ವಿ, ಮಂತ್ರಾಲಯ, ಉತ್ತನೂರು. ಒಬ್ಬರು ಇನ್ನೊಬ್ಬರ ಬಳಿ ಕಳಿಸುತ್ತಿದ್ದರು. ಪ್ರಾಣೇಶಾಚಾರ್ಯರನ್ನು ಯಾರ ಬಳಿಗೂ ಯಾರೂ ಕಳಿಸುವುದಿಲ್ಲ. ಹೆಂಡತಿಯ ಹೆಣ ಸುಟ್ಟು ಹೊರಟವರು ದಾರಿಯಲ್ಲಿ ಸಿಕ್ಕ ಪುಟ್ಟ ಎಂಬ ಮಾತುಗುಳಿಯ ಜೊತೆ ಮೇಳಿಗೆಯ ಜಾತ್ರೆಗೆ ಹೋಗುತ್ತಾರೆ, ಕೋಳಿ ಅಂಕ ನೋಡುತ್ತಾರೆ, ಕಾಫಿ ಕುಡಿಯುತ್ತಾರೆ, ಸೂತಕದಲ್ಲೇ ದೇವಸ್ಥಾನದ ಊಟದ ಪಂಕ್ತಿಯಲ್ಲಿ ಕೂರುತ್ತಾರೆ. ಯಾರಾದರೂ ಗುರುತು ಹಿಡಿದಾರೆಂಬ ಹೆದರಿಕೆ. ಮರಳಿ ಹೋಗಿ ಎಲ್ಲ ಹೇಳಿಬಿಡಬೇಕೆಂಬ ತುಡಿತ. ಹೇಳಿದರೋ ಇಲ್ಲವೋ, ಕಾದಂಬರಿ ನಮ್ಮನ್ನು ಎತ್ತಿನ ಗಾಡಿಯಲ್ಲೇ ಬಿಟ್ಟುಬಿಡುತ್ತದೆ.

ಇಷ್ಟರ ನಡುವೆ ಓದುಗರು ಮರೆಯುವ ಸಂಗತಿಯೊಂದಿದೆ. ಹೆಣದ ಪ್ರಶ್ನೆ ಕಾಡಿನ ಆ ರಾತ್ರಿಯೇ ಮುಗಿದಿತ್ತು. ಚಂದ್ರಿ ಮನೆಗೆ ಬಂದಳು, ಪರಿಚಯದ ಮೀನಿನ ವ್ಯಾಪಾರಿ, ಬ್ಯಾರಿ ಮುಸ್ಲಿಮನೊಬ್ಬನನ್ನು ಬೇಡಿಕೊಂಡಳು, ಕತ್ತಲಲ್ಲೇ ಹೆಣ ಸಾಗಿಸಿ ಸುಟ್ಟರು. ಅಗ್ರಹಾರದವರಿಗೆ ಸುಳಿವಿಲ್ಲ. ಅವರು ಉಪವಾಸವಿದ್ದುಕೊಂಡೇ ಪಕ್ಕದೂರಿನ ಪಂಡಿತರಲ್ಲಿಗೆ, ಅಲ್ಲಿಂದ ಮಠಕ್ಕೆ ನಡೆಯುತ್ತಾರೆ, ಇಲ್ಲದ ಹೆಣದ ಸಂಸ್ಕಾರ ಹೇಗೆಂದು ಕೇಳಲು. ಸಂಸ್ಕಾರ ಎಂಬ ಒಂದೇ ಮಾತಿಗೆ ನಮ್ಮಲ್ಲಿ ಅಂತ್ಯಕ್ರಿಯೆ ಎಂಬರ್ಥವೂ ಇದೆ, ಒಳ್ಳೆಯ ನಡತೆ ಎಂಬರ್ಥವೂ ಇದೆ. ಹೆಸರಿಟ್ಟವರು ಎರಡನ್ನೂ ತೂಗಿಯೇ ಇಟ್ಟಿದ್ದಾರೆ.

ಚಂದ್ರಿಯಾಗಿದ್ದ ಸ್ನೇಹಲತಾ ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿನಲ್ಲಿ ಎಂಟು ತಿಂಗಳು ಅಸ್ತಮಾದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಅದು ಗೊತ್ತಿದ್ದು ಚಿತ್ರ ನೋಡುವವರಿಗೆ ಆ ಮುಖ ಬೇರೆಯಾಗಿಯೇ ಕಾಣುತ್ತದೆ.

ಚಿತ್ರ ಮುಗಿಯಿತು. ಆಚಾರ್ಯರ ಬಗ್ಗೆ ಅತ್ತೆ ಏನಾದರೂ ಕೇಳುತ್ತಾರೆಂದು ಕಾದೆ.

“ಅಕಿ ಎಲ್ಲಿಗಿ ಹೋದ್ಲೊ?”

“ಚಂದ್ರಿಯೇನ್ ಅತ್ತಿ? ಕಾದಂಬರಿಯೊಳಗ ಕುಂದಾಪುರಕ್ಕ ಹೋಗ್ತಾಳ. ಅಕಿ ಊರು ಅದು.”

“ಆ ರಾತ್ರೀನಾ? ಒಬ್ಬಾಕೀನಾ?”

“ಹೂಂ. ಒಬ್ಬಾಕೀನ.”